ಏಳು ಸಲ ಕೊಲೆಯಾದ ನಮ್ಮತ್ತೆ

ನಮ್ಮ ಸೋದರತ್ತೆಯನ್ನು ಏಳು ಸಲ ಕತ್ತು ಹಿಸುಕಿ ಕೊಂದಿದ್ದಾರೆ. ಸುಳ್ಳಲ್ಲ! ಬೇಕಾದರೆ ಮೊಳಕಾಲ್ಮೂರಿನಲ್ಲಿ ವಯಸ್ಸಾದ ಯಾರನ್ನಾದರೂ ಕೇಳಿ ನೋಡಿ. "ಓ, ಆ ಏಳು ಹೆಂಡ್ರ ಸಿನಿಮಾದಾಕೆ ತಾನೆ?" ಎಂದು ಬಾಯಿಗೆ ಟವಲ್ಲು ಅಡ್ಡ ಹಿಡಿದು ನಗುತ್ತಾರೆ. ಅಷ್ಟು ಸಲ ಸತ್ತವಳು ಈಗ ಚಳ್ಳಕೆರೆಯ ತನ್ನ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಶೇಂಗಾ ಸುಲಿಯುತ್ತಾ, ಟೀವಿ ಧಾರಾವಾಹಿಯಲ್ಲಿ ಸಾಯುವವರ ತಪ್ಪು ಹುಡುಕುತ್ತಿರುತ್ತಾಳೆ.

"ಥೂ, ಹಿಂಗಾ ಸಾಯೋದು? ಕೈ ನೋಡೇ, ಮುಷ್ಟಿ ಬಿಗಿ ಹಿಡ್ಕೊಂಡೇ ಬಿದ್ದವಳೆ. ಸತ್ತ ಮೇಲೆ ಕೈ ಸಡ್ಲ ಬಿಡ್ಬೇಕು. ಹೊಟ್ಟೆ ಬ್ಯಾರೆ ಮ್ಯಾಕೆ ಕೆಳಕ್ಕೆ ಆಡ್ತೈತೆ! ನಮ್ಮ ಕಾಲ್ದಾಗೆ ಹಿಂಗೇನಾದ್ರೂ ಸತ್ತಿದ್ರೆ ಡೈರೆಕ್ಟ್ರು 'ರೀಲು ದಂಡ, ರೀಲು ದಂಡ' ಅಂತ ಎದೆ ಬಡ್ಕೊಳ್ತಿದ್ರು."

ಆದರೆ ನನ್ನ ಅತ್ತೆಯ ವಿಶೇಷ ಸಾವಿನಲ್ಲಿಲ್ಲ. ಸಾಯುವುದನ್ನು ಯಾರು ಬೇಕಾದರೂ ಸಾಯುತ್ತಾರೆ ಬಿಡಿ. ಅತ್ತೆಯ ವಿಶೇಷವೆಂದರೆ ಆಕೆ ಜೀವಮಾನದಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿಲ್ಲ. ಅದರಲ್ಲೇನು, ಹಳೇ ಕಾಲದ ಹೆಂಗಸರು ಯಾರು ಹೇಳುತ್ತಿದ್ದರು ಎನ್ನುತ್ತೀರಾ? ನಿಲ್ಲಿ. ಅತ್ತೆಯ ಗಂಡನ ಹೆಸರೇನು ಗೊತ್ತೇ? ನಾನು ಹೇಳಬಹುದು, ನನಗೇನೂ ದೋಷವಿಲ್ಲ. ತಿಪ್ಪೇಸ್ವಾಮಿ!

ನಮ್ಮ ಸೀಮೆ ಕಂಡವರಿಗೆ ಇದರ ಕಷ್ಟ ಥಟ್ಟನೆ ಅರ್ಥವಾಗುತ್ತದೆ. ಹಟ್ಟಿಯ ಗುಡಿಯಲ್ಲಿರುವ ತಿಪ್ಪೇಸ್ವಾಮಿ ತಾತ ನಮಗೆ ಶಿವನ ಅಂಶ. ಆ ತಾತನ ಮೇಲಿನ ಭಕ್ತಿಗೆ ಇಲ್ಲಿ ಮನೆಗೊಬ್ಬ ತಿಪ್ಪೇಸ್ವಾಮಿ. ನಮ್ಮಲ್ಲಿ ಕಲ್ಲು ಎಸೆದರೆ ಒಬ್ಬ ತಿಪ್ಪೇಸ್ವಾಮಿಗೆ ತಗುಲಿ, ಪುಟಿದು, ಇನ್ನೊಬ್ಬ ತಿಪ್ಪೇಸ್ವಾಮಿಯ ಮೇಲೆ ಬೀಳುತ್ತದೆ. ಹಾಲು ಹಾಕುವವನು ತಿಪ್ಪೇಸ್ವಾಮಿ, ಪರಶುರಾಂಪುರದ ಬಸ್ಸಿನ ಕಂಡಕ್ಟರು ತಿಪ್ಪೇಸ್ವಾಮಿ, ಮಾವನ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವರೂ ತಿಪ್ಪೇಸ್ವಾಮಿ. ಅತ್ತೆಯ ಪಾಲಿಗೆ ಇವರೆಲ್ಲರೂ 'ಇವ್ರು'. ಒಮ್ಮೆ ನಾನು ಹೋದಾಗ ಆಕೆ ಕೊಟ್ಟ ವರದಿ ಹೀಗಿತ್ತು:

"ಬೆಳಿಗ್ಗೆ ಇವ್ರು ಬಂದು ಇವ್ರು ಅವ್ರೇನಮ್ಮ ಅಂತ ಕೇಳಿದ್ರು. ಇವ್ರು ಇಲ್ಲ, ಇವ್ರ ಬಸ್ಸಿಗೆ ಹೋದ್ರು ಅಂದೆ. ಹಂಗಾದ್ರೆ ಇವ್ರು ಬಂದ್ರೆ ಇವ್ರು ಬಂದಿದ್ರು ಅಂತ ಹೇಳಮ್ಮ ಅಂದು ಇವ್ರು ಹೋದ್ರು."

ಯಾರು ಬಂದರು, ಯಾರು ಹೋದರು? ಶಿವನೇ ಬಲ್ಲ!

ಪೂರ್ತಿ ಹೆಸರಿನ ಮಾತು ಹಾಗಿರಲಿ, ಅದರ ಅರ್ಧವೂ ಆಕೆಯ ಬಾಯಿಗೆ ನಿಷಿದ್ಧ. ತಿಪ್ಪೆಗೆ ತಿಪ್ಪೆ ಎನ್ನುವುದಿಲ್ಲ, 'ಕಸದ ಗುಡ್ಡೆ'. ನಾನು ಏನಾದರೂ ತಪ್ಪು ಮಾಡಿ ಮುಚ್ಚಿಹಾಕಲು ಹೋದರೆ, "ಸಾಕು ಸುಮ್ಕಿರೇ, ಕಸದ ಗುಡ್ಡೆ ಸಾರಿಸ್ಬ್ಯಾಡ" ಎಂದು ಗದರುತ್ತಾಳೆ! ಮದುವೆಯ ದಿನವೂ ಅಷ್ಟೇ. ಒಡಪು ಕಟ್ಟಿ ಗಂಡನ ಹೆಸರು ಹೇಳಿದರೆ ದೋಷವಿಲ್ಲ, ಅದು ಹಿರಿಯರೇ ಕೊಟ್ಟ ರಿಯಾಯಿತಿ. ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡೆವು ಎಂದರಂತೆ. ಅತ್ತೆ ರಾಗವಾಗಿ ಶುರು ಮಾಡಿದಳಂತೆ: "ಬೆಳ್ಳಿ ಬಟ್ಟಲ ತುಂಬ ಬೆಣ್ಣೆ, ಚಳ್ಳಕೆರೆ ಗಾಣದಾಗೆ ಶೇಂಗಾದೆಣ್ಣೆ, ನನ್ನ ಕೈ ಹಿಡಿದೋರ ಹೆಸರು…" ಎಲ್ಲರೂ ಉಸಿರು ಬಿಗಿಹಿಡಿದರು. ಪಕ್ಕದಲ್ಲಿದ್ದ ಮದುಮಗ ಅಂತೂ ಕತ್ತು ಉದ್ದ ಮಾಡಿದ. "…ನಿಮಗೆಲ್ಲ ಗೊತ್ತೇ ಐತೆ!" ಎಂದು ಅತ್ತೆ ತೋಳಿನ ಸಂದಿಯಲ್ಲಿ ನುಗ್ಗಿ ಒಳಗೆ ಹೋಗಿಬಿಟ್ಟಳು.

ಹೋದ ವರ್ಷ ಮಾವನ ಕಣ್ಣಿನ ಪೊರೆ ತೆಗೆಸಲು ಹೋದಾಗಲೂ ಇದೇ ಕತೆ. ಮಾವ ಸ್ಕೂಟರ್ ನಿಲ್ಲಿಸಿ ಬರುವಷ್ಟರಲ್ಲಿ ಅತ್ತೆ ಚೀಟಿ ಬರೆಸಲು ನಿಂತಳು. ನರ್ಸಮ್ಮ ನಮ್ಮ ಕಡೆಯವಳಲ್ಲ. "ಪೇಷೆಂಟ್ ಹೆಸರು?" ಎಂದಳು. ಅತ್ತೆ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಶಿವನ ಕಡೆ ಕೈ ತೋರಿಸಿ, "ಆ ದೇವ್ರ ಅಂಶ, ಹಟ್ಟಿಯಾಗೆ ಇರೋರು" ಎಂದಳು. ನರ್ಸಮ್ಮನಿಗೆ ಹಟ್ಟಿಯೂ ತಿಳಿಯದು, ತಾತನೂ ತಿಳಿಯದು. 'ಪರಮೇಶ್ವರಪ್ಪ' ಎಂದು ಬರೆದುಕೊಂಡಳು. ಆಮೇಲೆ ಮಧ್ಯಾಹ್ನದವರೆಗೆ "ಪರಮೇಶ್ವರಪ್ಪ! ಯಾರ್ರೀ ಪರಮೇಶ್ವರಪ್ಪ?" ಎಂದು ಕೂಗಿದ್ದೇ ಕೂಗಿದ್ದು. ಕೊನೆಗೆ ಬೇಸತ್ತು ನಮ್ಮ ಮಾವನೇ ಎದ್ದು ನಿಂತು, "ಯಾವನಪ್ಪಾ ಅವನು ಪರಮೇಶ್ವರಪ್ಪ? ಕಣ್ಣಿನ ಜೊತೆ ಕಿವೀನೂ ಹೋಗ್ಯಾವೇನು?" ಎಂದು ಗದರಿದರು! ಆ ದಿನ ಮಾವನ ಕಣ್ಣು ಹಾಗೇ ಮನೆಗೆ ವಾಪಸ್ಸು ಬಂತು. ಕುದಾಪುರದ ಹುಲ್ಲುಗಾವಲಿಗೆ ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಏನೇನನ್ನೋ ಹಾರಿಸುತ್ತಾರಂತೆ. ಪಕ್ಕದಲ್ಲೇ ಇರುವ ನಮ್ಮತ್ತೆಯ ಬಾಯಿಂದ ನಾಲ್ಕಕ್ಷರ ಹಾರಿಸಲು ಅವರಿಂದಲೂ ಆಗಲಿಕ್ಕಿಲ್ಲ.

ಇರಲಿ, ಕೊಲೆಯ ವಿಷಯಕ್ಕೆ ಬರೋಣ.

ಅತ್ತೆಯ ಮದುವೆಯಾದ ವರ್ಷ. ಆಷಾಢಕ್ಕೆಂದು ಆಕೆ ತವರಿಗೆ, ಅಂದರೆ ಮೊಳಕಾಲ್ಮೂರಿನ ನಮ್ಮ ಮನೆಗೆ ಬಂದಿದ್ದಳು. ನಾನಿನ್ನೂ ತೊಟ್ಟಿಲಲ್ಲಿದ್ದೆ. ಇದೆಲ್ಲ ನಮ್ಮಪ್ಪ, ಎಂದರೆ ಅತ್ತೆಯ ಅಣ್ಣ, ನೂರಾರು ಸಲ ಹೇಳಿ ನನಗೆ ಕಂಠಪಾಠವಾದದ್ದು. ಅದೇ ಸಮಯಕ್ಕೆ ಊರಿಗೆ ಒಂದು ಸಿನಿಮಾ ಕಂಪನಿ ಬಂತು. ಬಡ ಕಂಪನಿ. ಒಂದು ಕ್ಯಾಮೆರಾ, ಎರಡು ದೀಪ, ಮೂರು ದಾಡಿಗಳು. ನಮ್ಮೂರೇ ಯಾಕೆಂದರೆ ಗುಡ್ಡದ ಬಂಡೆಗಳಿಗೆ ಬಾಡಿಗೆ ಕೊಡಬೇಕಾಗಿಲ್ಲ! ಸಿನಿಮಾದ ಹೆಸರಿನಲ್ಲಿ ರಕ್ತವಿತ್ತು, ಸಿನಿಮಾದಲ್ಲಿ ಇದ್ದದ್ದು ಕುಂಕುಮದ ನೀರು.

ಅಷ್ಟರಲ್ಲಿ ಮಾವ ಚಳ್ಳಕೆರೆಯಿಂದ ಮಿಲ್ಲಿನ ವ್ಯಾನು ತಂದು ಕಂಪನಿಯ ಸಾಮಾನು ಹೊರಲು ನಿಂತರು. ಸಿನಿಮಾ ಹುಚ್ಚು ಎಂದು ಎಲ್ಲರೂ ಅಂದುಕೊಂಡರು. ಆಷಾಢದಲ್ಲಿ ಅಳಿಯ ಅತ್ತೆಮನೆಯ ಹೊಸಿಲು ತುಳಿಯಬಾರದು. ಆದರೆ ಅತ್ತೆಮನೆಯ ಹಿಂದಿನ ಬಂಡೆ ತುಳಿಯಬಾರದು ಎಂದು ಯಾವ ಶಾಸ್ತ್ರದಲ್ಲಿದೆ? ಮಾವ ದಿನಾ ಬಂಡೆಯ ಮೇಲೆ. ಅತ್ತೆ ದಿನಾ ಹಿತ್ತಲಲ್ಲಿ. ಬಟ್ಟೆ ಒಣಹಾಕುವ ಕೆಲಸ ಆ ತಿಂಗಳು ಮುಗಿಯಲೇ ಇಲ್ಲವಂತೆ.

ಸಿನಿಮಾದ ಕತೆ ಕೇಳಿ. ಒಬ್ಬ ಕ್ರೂರಿ. ಒಂಟಿ ಹೆಂಗಸರನ್ನು ಬಂಡೆಗಳ ಸಂದಿಗೆ ಎಳೆದೊಯ್ದು, ಎದುರಿಗೆ ಕೂತು, ನಿಧಾನಕ್ಕೆ ಶೇಂಗಾ ಒಡೆದು ತಿನ್ನುತ್ತಾನೆ. ಚಟ್. ಚಟ್. ಆಮೇಲೆ, "ನನ್ನ ಹೆಸರು ಹೇಳು, ಬಿಟ್ಟುಬಿಡ್ತೀನಿ" ಎನ್ನುತ್ತಾನೆ. ಪಾಪ, ಆಕೆ ನಂಬಿ ಹೆಸರು ಹೇಳುತ್ತಾಳೆ. ಹೇಳಿದ ತಕ್ಷಣ ಕತ್ತು ಹಿಸುಕುತ್ತಾನೆ! ಇಂಥ ಪಾಪಿಗೆ ಹೆಸರೇನಿಡುವುದು? ಡೈರೆಕ್ಟರು, "ನಿಮ್ಮ ಕಡೆ ಎಲ್ಲೆಲ್ಲೂ ಇರೋ ಹೆಸರು ಒಂದು ಹೇಳಿ, ಪೊಲೀಸರಿಗೆ ಹುಡುಕೋಕೆ ಕಷ್ಟ ಆಗಬೇಕು" ಎಂದರು. ಮಾವ ಒಂದು ಕ್ಷಣವೂ ಯೋಚಿಸದೆ ತಮ್ಮದೇ ಹೆಸರು ಕೊಟ್ಟರು. ಇನ್ಸ್‌ಪೆಕ್ಟರ್ ಪಾತ್ರದವನು "ಯಾರು ಆ ತಿಪ್ಪೇಸ್ವಾಮಿ?" ಎಂದು ಗುಡ್ಡದ ಮೇಲೆಲ್ಲ ಕಿರುಚಾಡಿ, ತನ್ನ ಭಾಗ ಮುಗಿಸಿ, ಬಸ್ಸು ಹತ್ತಿ ಹೋದ.

ಕೊಲೆಯಾಗಲು ಒಬ್ಬ ನಟಿ ಬಂದಿದ್ದಳು. ಮೊದಲ ಬಂಡೆಯ ಕೆಳಗೇ ಚೇಳು ನೋಡಿದಳು. ಎರಡನೇ ಬಂಡೆಯವರೆಗೆ ಬರಲಿಲ್ಲ, ಅವಳೂ ಬಸ್ಸು ಹತ್ತಿದಳು. ಡೈರೆಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. ಆಗ ನಮ್ಮ ಮಾವ ಮುಂದೆ ಬಂದು, "ಸಾರ್, ನಮ್ಮನೆಯಾಕಿ ಅವಳೆ. ಬಿದ್ದು ಸಾಯೋಕೆ ಅಡ್ಡಿಯಿಲ್ಲ" ಎಂದರು!

ಮನೆಯಲ್ಲಿ ರಂಪವಾಯಿತು. ನಮ್ಮಜ್ಜಿ, "ಕೈ ಹಿಡಿದ ಗಂಡನೇ ಕೊಲ್ಲೋಕೆ ಕೊಡ್ತಾನಂತೆ" ಎಂದು ಅತ್ತರು. ಅತ್ತೆ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಸೀರೆ ಯಾವುದು ಉಡ್ಬೇಕು?" ಮೊಳಕಾಲ್ಮೂರಿನ ಮಗಳು, ಮದುವೆಯ ರೇಷ್ಮೆ ಸೀರೆಗಳು ಟ್ರಂಕಿನಲ್ಲಿ ಕೂತಿವೆ, ಉಟ್ಟು ತೋರಿಸಲು ಆಷಾಢದಲ್ಲಿ ಒಂದು ಮದುವೆಯಿಲ್ಲ, ಮುಂಜಿಯಿಲ್ಲ. ಕೊಲೆಯಾದರೂ ಆದೀತು ಎಂದು ಒಪ್ಪಿದಳು. ಡೈರೆಕ್ಟರಿಗೂ ಯೋಚನೆ ಹೊಳೆಯಿತು. ಸೀರೆ ಬದಲಾದರೆ ಹೆಂಗಸೂ ಬದಲಾದ ಹಾಗೆ! ಮುಖ ತೋರಿಸದೆ ಬೆನ್ನು, ಜಡೆ, ಕಾಲು, ಸಾಯುವಾಗ ತುಟಿ ಮಾತ್ರ ತೋರಿಸಿದರೆ ಏಳು ಹೆಂಗಸರನ್ನೂ ಒಬ್ಬಳಿಂದಲೇ ಮುಗಿಸಬಹುದು. ಒಂದೇ ಕಟ್ಟಳೆ: ಎಲ್ಲವೂ ಒಂದೇ ಟೇಕು. ಎರಡನೆಯದಕ್ಕೆ ರೀಲಿಲ್ಲ.

ಕೊಲೆಗಾರ ಬಳ್ಳಾರಿ ಕಡೆಯ ಒಬ್ಬ ನಾಟಕದ ಕಲಾವಿದ. ಮೀಸೆ ಭಯಂಕರ, ಮನುಷ್ಯ ಹತ್ತಿ. ಪ್ರತಿ ಕೊಲೆಗೂ ಮುಂಚೆ ಕೈ ಮುಗಿದು, "ಅಕ್ಕಾರೆ, ಕತ್ತು ಹಿಡೀಲೇನ್ರಿ?" ಎಂದು ಅಪ್ಪಣೆ ಕೇಳುತ್ತಿದ್ದನಂತೆ. ಅತ್ತೆ, "ಹಿಡಿಯಪ್ಪಾ, ಸೆರಗು ಮಾತ್ರ ಎಳೀಬ್ಯಾಡ, ಜರಿ ಕಿತ್ತುಹೋಗ್ತೈತೆ" ಎನ್ನುತ್ತಿದ್ದಳು. ಮೂರನೇ ಸಾವಿನಲ್ಲಿ ಕತ್ತು ಹಿಸುಕಿಸಿಕೊಂಡು ಬಿದ್ದ ಹೆಣ, ಪಕ್ಕದಲ್ಲಿದ್ದ ಜಾಲಿಮುಳ್ಳಿನಿಂದ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು ಮತ್ತೆ ಸತ್ತಿತು. ಅದೂ ಒಂದೇ ಟೇಕು. ಸಿನಿಮಾದಲ್ಲಿ ಹಾಗೇ ಇದೆ!

ಆದರೆ ನಿಜವಾದ ಫಜೀತಿ ಮೊದಲ ಕೊಲೆಯಲ್ಲೇ ಆಯಿತು. ಕೊಲೆಗಾರ ಶೇಂಗಾ ತಿಂದ. "ನನ್ನ ಹೆಸರು ಹೇಳು" ಎಂದು ಗುಡುಗಿದ. ಅತ್ತೆ ಬಾಯಿ ಬಿಡಲಿಲ್ಲ.

"ಹೇಳಮ್ಮಾ, ತಿಪ್ಪೇಸ್ವಾಮಿ ಅನ್ನು!" ಎಂದು ಡೈರೆಕ್ಟರು ಕೂಗಿದರು.

"ಅದೊಂದು ಬಿಟ್ಟು ಏನು ಬೇಕಾದ್ರೂ ಹೇಳಿಸ್ರಿ."

"ಅಯ್ಯೋ, ನೀನು ಸಾಯ್ತಾ ಇದೀಯಮ್ಮಾ! ಜೀವ ಹೋಗ್ತಾ ಇದೆ!"

"ಹೋಗ್ಲಿ ಬಿಡ್ರಿ. ಗಂಡನ ಹೆಸರು ಹಿಡಿದ್ರೆ ಗಂಡನ ಆಯಸ್ಸು ಕಮ್ಮಿಯಾಗ್ತೈತೆ ಅಂತ ನಮ್ಮವ್ವ ಹೇಳವಳೆ. ನನ್ನ ಸಾವು ಸುಳ್ಳಿಂದು. ಅವ್ರ ಆಯಸ್ಸು ನಿಜದ್ದಲ್ಲೇನ್ರಿ?"

ಕೊಲೆಗಾರನ ಹೆಸರು ಬದಲಿಸೋಣವೆಂದರೆ ಇನ್ಸ್‌ಪೆಕ್ಟರು ಆಗಲೇ ಕಿರುಚಿ ಹೋಗಿದ್ದಾನೆ. ವ್ಯಾನಿನ ಪಕ್ಕ ನಿಂತಿದ್ದ ಮಾವ, "ಹೇಳೇ, ಒಂದ್ಸಲ ಹೇಳಿದ್ರೆ ಏನಾಗ್ತೈತೆ, ಸಿನಿಮಾ ತಾನೆ?" ಎಂದು ಅಂಗಲಾಚಿದರು. ಊಹೂಂ. ಕ್ಯಾಮೆರಾ ಓಡುತ್ತಲೇ ಇದೆ, ರೀಲು ಕರಗುತ್ತಿದೆ. "ಏನಾದ್ರೂ ಹೇಳಿ ಸಾಯಮ್ಮಾ ತಾಯಿ!" ಎಂದರು ಡೈರೆಕ್ಟರು. ಅತ್ತೆ ಉಸಿರೆಳೆದು, ಗುಡ್ಡವೆಲ್ಲ ಮೊಳಗುವ ಹಾಗೆ ಕಿರುಚಿದಳು:

"ನಮ್ಮನೇವ್ರೂ…!"

ಸ್ಟುಡಿಯೋಗೆ ಹೋಗಿ ದನಿ ಸೇರಿಸುವ ಶಕ್ತಿ ಆ ಕಂಪನಿಗೆ ಇರಲಿಲ್ಲ. ಬಂಡೆಯ ಮೇಲೆ ಹಿಡಿದ ದನಿಯೇ ಸಿನಿಮಾದಲ್ಲೂ ಉಳಿಯಿತು. ಮೊಳಕಾಲ್ಮೂರಿನ ಟೆಂಟಿನಲ್ಲಿ ಸಿನಿಮಾ ಬಂದಾಗ ಊರಿಗೆ ಊರೇ ನೆರೆಯಿತು. ಮೊದಲ ಹೆಂಗಸು "ನಮ್ಮನೇವ್ರು" ಎಂದು ಸತ್ತಾಗ, ಓಹೋ ಇವನು ಇವಳ ಗಂಡ ಎಂದುಕೊಂಡರು. ಎರಡನೆಯವಳೂ "ನಮ್ಮನೇವ್ರು" ಎಂದಳು. ಮೂರನೆಯವಳೂ! ನೆಲದಲ್ಲಿ ಕೂತವನೊಬ್ಬ ಎದ್ದು ನಿಂತು, "ಲೇ, ಕೊಲೆಗಾರ ಅಲ್ಲಲೇ ಇವ್ನು, ಸಂಸಾರಸ್ಥ ಕಣ್ಲೇ! ಎಷ್ಟು ಹೆಂಡ್ರಲೇ ನಿಂಗೆ?" ಎಂದು ಪರದೆಯನ್ನೇ ಕೇಳಿದ. ಏಳನೆಯವಳ ಹೊತ್ತಿಗೆ ಟೆಂಟಿನಲ್ಲಿ ಯಾರೂ ಕೂತಿರಲಿಲ್ಲ, ನಕ್ಕು ನಕ್ಕು ಉರುಳಿದ್ದರು. ಕೊಲೆಗಾರ ಶೇಂಗಾ ಕೈಗೆತ್ತಿಕೊಂಡರೆ ಸಾಕು, ಜನವೇ ಒಟ್ಟಾಗಿ "ನಮ್ಮನೇವ್ರೂ…" ಎನ್ನುತ್ತಿದ್ದರು. ಸಿನಿಮಾ ಮೂರೇ ದಿನಕ್ಕೆ ಮಲಗಿತು. ಹಟ್ಟಿ ತಾತನ ಹೆಸರನ್ನು ಕೊಲೆಗಾರನಿಗಿಟ್ಟರೆ ಓಡೀತೇ ಎಂದು ಹಿರಿಯರು ತೀರ್ಪು ಕೊಟ್ಟರು. ಮಾವನಿಗೆ ಮಾತ್ರ 'ಏಳು ಹೆಂಡ್ರ ಸಾವ್ಕಾರ್ರು' ಎಂಬ ಬಿರುದು ಶಾಶ್ವತವಾಗಿ ಉಳಿಯಿತು. ಏಳೂ ಒಬ್ಬಳೇ ಎಂದು ಎಷ್ಟು ಜನಕ್ಕೆ ಹೇಳುತ್ತಾರೆ, ಪಾಪ!

ಆ ಸಿನಿಮಾ ಹೋಯಿತು ಎಂದೇ ಎಲ್ಲರೂ ತಿಳಿದಿದ್ದೆವು. ಆದರೆ ಹೋದ ತಿಂಗಳು ರಾಯದುರ್ಗದ ನಮ್ಮ ನೆಂಟರೊಬ್ಬರು ನನ್ನ ಫೋನಿಗೆ ಏನೋ ಕಳಿಸಿದರು. ಒತ್ತಿದರೆ ಅದೇ ಬಂಡೆ, ಅದೇ ಮೀಸೆ, ಅದೇ ಶೇಂಗಾ! ಆದರೆ ಮಾತೆಲ್ಲ ತೆಲುಗು. ಕಂಪನಿಯವರು ನಷ್ಟ ತುಂಬಿಕೊಳ್ಳಲು ಅದನ್ನು ಯಾರಿಗೋ ಮಾರಿ, ಅವರು ತೆಲುಗು ದನಿ ಹಾಕಿಸಿ ಗಡಿಯಾಚೆ ಓಡಿಸಿದ್ದರಂತೆ. ನಮಗೆ ಗೊತ್ತೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತೆಯ ಮನೆಯ ಟೀವಿಗೆ ಫೋನು ಜೋಡಿಸಿ ಹಚ್ಚಿದೆ. ಅತ್ತೆ ಕನ್ನಡಕ ಒರೆಸಿಕೊಂಡು ಕೂತಳು. ಮಾವ ಕುರ್ಚಿಯನ್ನು ಟೀವಿಯ ಮೂತಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡರು. ಮಾವನಿಗೆ ಈಗ ಎಪ್ಪತ್ತು ದಾಟಿದೆ. ಈ ವರ್ಷ ಎದೆಯ ತೊಂದರೆಗೆ ಎರಡು ಸಲ ಆಸ್ಪತ್ರೆ ಸೇರಿ ಬಂದ ಮೇಲೆ ಮಾತು ಕಮ್ಮಿಯಾಗಿದೆ. ಮಿಲ್ಲಿನ ಕಡೆಗೂ ಹೋಗುವುದಿಲ್ಲ. ಅವರು ಹಾಗೆ ಹುರುಪಿನಿಂದ ಕುರ್ಚಿ ಎಳೆದದ್ದು ನೋಡಿಯೇ ನನಗೆ ಖುಷಿಯಾಯಿತು.

"ಈ ಸೀರೆ ನೋಡೇ, ಈಗ ನೇಯೋರು ಯಾರವ್ರೆ?" ಎಂದಳು ಅತ್ತೆ. ಪರದೆಯ ಮೇಲೆ ಆಕೆಯ ಎದುರಿಗೆ ಶೇಂಗಾ ಒಡೆಯುತ್ತಿತ್ತು. ಕೊಲೆಗಾರ ಅದೇ ಹಳೇ ಮಾತನ್ನು ತೆಲುಗಿನಲ್ಲಿ ಗುಡುಗಿದ: "ನಾ ಪೇರು ಚೆಪ್ಪು! ವದಿಲೇಸ್ತಾನು!" ಅತ್ತೆಯ ತುಟಿ ಪರದೆಯ ತುಂಬ ಬಂತು. ತುಟಿ ಆಡಿತು. ಯಾವಳೋ ಇಂಪಾದ ದನಿಯ ತೆಲುಗಿನವಳು ಸ್ಪಷ್ಟವಾಗಿ ಕೂಗಿದಳು:

"ತಿಪ್ಪೇಸ್ವಾಮೀ…!"

ಬೇಕಾದರೆ ನೀವೇ ಬಾಯಲ್ಲಿ ಹೇಳಿಕೊಂಡು ನೋಡಿ. ನಮ್ಮನೇವ್ರು, ತಿಪ್ಪೇಸ್ವಾಮಿ. ಎರಡೂ ನಾಲ್ಕಕ್ಷರ, ಎರಡರಲ್ಲೂ ಎರಡನೇ ಅಕ್ಷರಕ್ಕೆ ತುಟಿ ಮುಚ್ಚುತ್ತದೆ. ಅತ್ತೆಯೇ ಹೇಳಿದ ಹಾಗೆ ಅಚ್ಚುಕಟ್ಟಾಗಿ ಕೂತಿತ್ತು!

ಮಾವ ಕುರ್ಚಿಯಿಂದ ಎದ್ದುಬಿಟ್ಟರು. "ಅಂದ್ಲು! ಕೇಳಿದ್ಯೇನಮ್ಮಾ? ನಮ್ಮಾಕಿ ಅಂದ್ಲು!" ಅವರ ಮುಖ ಊರಗಲವಾಗಿತ್ತು. "ಇನ್ನೊಂದ್ಸಲ ಹಾಕು, ಹಿಂದಕ್ಕೆ ಹಾಕು."

ಹಿಂದಕ್ಕೆ ಹಾಕಿದೆ. ತಿಪ್ಪೇಸ್ವಾಮೀ! ಮತ್ತೆ ಹಾಕಿದೆ. ತಿಪ್ಪೇಸ್ವಾಮೀ! ಮಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಅತ್ತೆಯ ಕೈಯಲ್ಲಿದ್ದ ಶೇಂಗಾ ಕೆಳಗೆ ಬಿತ್ತು. "ಅದು ನಾನಲ್ಲ ರೀ! ಯಾವಳೋ ಬಿಕನಾಸಿ ನನ್ನ ಬಾಯಾಗೆ ಕೂತ್ಕೊಂಡು ನಿಮ್ಮನ್ನ ಹೆಸರು ಹಿಡಿದು ಕರೀತಾವಳೆ! ನಿಲ್ಸೇ ಅದನ್ನ!"

"ಕರೀಲಿ ಬಿಡೇ," ಎಂದರು ಮಾವ, ಕಣ್ಣು ತೆರೆಯದೆ. "ಯಾರೋ ಒಬ್ರು ಕರೀಲಿ."

ಆ ಮಾತಿನ ದನಿಗೆ ನಾನು ಟೀವಿ ನಿಲ್ಲಿಸಿದೆ.

"ನಿನ್ನ ಸಾಯೋಕೆ ಯಾಕೆ ಕಳಿಸ್ದೆ ಅಂದ್ಕೊಂಡೆ?" ಎಂದರು ಮಾವ. "ಸಿನಿಮಾ ಹುಚ್ಚಿಗಲ್ಲ. ಆ ನಟಿ ಓಡಿಹೋದಾಗ ಹೊಳೀತು, ನೀನು ಹೋದ್ರೆ ನನ್ನ ಹೆಸರು ಹೇಳಲೇಬೇಕಲ್ಲ ಅಂತ. ಒಂದಲ್ಲ, ಏಳು ಸಲ! ದಿನಾ ಆ ಬಂಡೆ ಹತ್ರ ಕಾದೆ. ನೀನು ಹೇಳ್ಲಿಲ್ಲ." ಮತ್ತೆ ಕುರ್ಚಿಯಲ್ಲಿ ಕೂತು ಹೇಳಿದರು: "ನಮ್ಮವ್ವ ಇರೋಗಂಟ 'ತಿಪ್ಪೇಸಿ' ಅಂತ ಕೂಗೋಳು. ಸಣ್ಣಂದಿನ ಗೆಣೆಕಾರ್ರು ಕೂಗೋರು. ಎಲ್ರೂ ಹೋದ್ರು. ಈಗ ಮಿಲ್ನಾಗೆ ಸಾವ್ಕಾರ್ರು, ಮನ್ಯಾಗೆ ಅಪ್ಪ, ತಾತ, ಮಾವ. ನನ್ನ ಹೆಸರು ಹಿಡಿದು ಕೂಗೋದು ಆಸ್ಪತ್ರೆಯಾಗೆ ಮಾತ್ರ. ಅಲ್ಲಿ ಕೂಗಿದ್ರೂ ನಾಲ್ಕು ಜನ ಎದ್ದು ನಿಲ್ತಾರೆ."

ನಗಬೇಕೆಂದು ಹೊರಟ ನನಗೆ ಅಳು ಬಂತು.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ನಂಗೇನು ಆಸೆ ಇರ್ಲಿಲ್ವಾ?" ಎಂದಳು. "ಆಯಸ್ಸು ಕಮ್ಮಿಯಾಗ್ತೈತೆ ಅಂತ ಅಂಜಿಕೆ ರೀ. ಆಸ್ಪತ್ರೆಯಾಗೆ ನೀವು ಮಲಗಿದ್ದಾಗ, ಕನಸಿನಾಗೆ ಏನಾದ್ರೂ ಅಂದ್ಬಿಟ್ಟೇನು ಅಂತ ನಿದ್ದೇನೇ ಮಾಡ್ಲಿಲ್ಲ ನಾನು."

"ಇಷ್ಟು ವರ್ಷ ನನ್ನ ಆಯಸ್ಸು ಉಳಿಸಿ ಉಳಿಸಿ ಕೂಡಿಟ್ಟಿದೀಯಲ್ಲೇ," ಎಂದರು ಮಾವ. "ಚೂರು ಖರ್ಚು ಮಾಡು."

ಅತ್ತೆ ಎದ್ದಳು. ಒಮ್ಮೆ ದೇವರಮನೆಯ ಕಡೆ ನೋಡಿ ಕೆನ್ನೆ ತಟ್ಟಿಕೊಂಡಳು. ನಿಂತ ಟೀವಿಯ ಮೇಲೆ ಇನ್ನೂ ತೆರೆದೇ ಇದ್ದ ತನ್ನದೇ ತುಟಿಗಳನ್ನು ಒಮ್ಮೆ ಕೆಕ್ಕರಿಸಿ ನೋಡಿದಳು. ಆಮೇಲೆ ಮಾವನ ಕುರ್ಚಿಯ ಹತ್ತಿರ ಹೋಗಿ, ಬಾಗಿ, ಕಿರುಚದೆ, ಅಳುಕದೆ, ಮನೆಯ ಮಗುವನ್ನು ಊಟಕ್ಕೆ ಕರೆಯುವ ಹಾಗೆ ಕರೆದಳು.

"ತಿಪ್ಪೇಸ್ವಾಮೀ."

ಮಾವ ಕಿವಿಗೆ ಕೈ ಅಡ್ಡ ಹಿಡಿದರು. "ಆಂ? ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ."

"ಇನ್ನೊಂದ್ಸಲವೂ ಇಲ್ಲ, ಮತ್ತೊಂದ್ಸಲವೂ ಇಲ್ಲ. ಒಂದೇ ಟೇಕು! ರೀಲು ದಂಡ!" ಎಂದು ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು, ಮದುವೆಯ ದಿನ ನುಗ್ಗಿದ ಹಾಗೆಯೇ, ಸರ್ರನೆ ಅಡುಗೆಮನೆಗೆ ನುಗ್ಗಿಬಿಟ್ಟಳು. ಒಳಗೆ ಪಾತ್ರೆಗಳು ಸುಮ್ಮಸುಮ್ಮನೆ ಸದ್ದು ಮಾಡತೊಡಗಿದವು.

ಮಾವ ಬಹಳ ಹೊತ್ತು ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ನಾನು ಅಲ್ಲಿದ್ದೇನೆಂಬುದೂ ಅವರಿಗೆ ಮರೆತುಹೋಗಿತ್ತು. ಆಮೇಲೆ, ಅವ್ವ ಕರೆದಾಗ ಆಟದ ನಡುವೆ ಹುಡುಗರು ಓಗೊಡುತ್ತಾರಲ್ಲ, ಹಾಗೆ ಮೆಲ್ಲಗೆ ಅಂದರು:

"ಓ…"